ಮತ್ತು ಸಂಗಡಿಗರು

ಕೇಳಿದೊಡನೆ ನನಗೆ ಸಿಟ್ಟು ಬರಿಸುವ ಎರಡು ಪದಗಳು ನಮ್ಮ ಭಾಷೆಯಲ್ಲಿವೆ. ಬೈಗುಳವಲ್ಲ, ಅಶ್ಲೀಲವೂ ಅಲ್ಲ. ಕಿವಿಗೆ ಹಿತವಾದ, ಸ್ನೇಹದ ಪದಗಳೇ: 'ಮತ್ತು ಸಂಗಡಿಗರು'. ರೇಡಿಯೊದಲ್ಲಿ ಸೋಬಾನೆ ಪದ ಮುಗಿದ ಕೂಡಲೇ ಕೇಳುತ್ತೀರಿ, 'ಹಾಡಿದವರು ಇಂಥವರು ಮತ್ತು ಸಂಗಡಿಗರು'. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ನೋಡುತ್ತೀರಿ, ಜಾತ್ರೆಯ ಕರಪತ್ರದಲ್ಲಿ ನೋಡುತ್ತೀರಿ. ಮುಂದೆ ಕೂತವರಿಗೆ ಒಂದು ಹೆಸರು. ಹಿಂದೆ ಕೂತು ಸೊಲ್ಲಿಗೆ ಸೊಲ್ಲು ಕೊಟ್ಟ ಏಳೆಂಟು ಜನ ಹೆಂಗಸರನ್ನು ಒಟ್ಟಿಗೆ ತುಂಬಲು ಒಂದು ಗೋಣಿಚೀಲ. ಕ್ಯಾಸೆಟ್ಟುಗಳ ಕಾಲದಲ್ಲಿ ಇದಕ್ಕಿಂತ ಸುಲಭದ ಉಪಾಯವಿತ್ತು. ಹೊದಿಕೆಯ ಮೇಲೆ ಸಂಗೀತ ಜೋಡಿಸಿದವರ ಹೆಸರು, ಹಣ ಹಾಕಿದವರ ಹೆಸರು ಎಲ್ಲ ಇರುತ್ತಿತ್ತು. ಹಾಡಿನ ಮುಂದೆ ಮಾತ್ರ 'ಸಾಹಿತ್ಯ: ಜಾನಪದ' ಎಂದಿರುತ್ತಿತ್ತು. ಈ ಜಾನಪದ ಎಂಬಾಕೆ ಯಾವ ಊರಿನವಳು, ಅವಳ ತವರು ಯಾವುದು ಎಂದು ಯಾರೂ ವಿಚಾರಿಸಲಿಲ್ಲ.

ವಿಚಾರಿಸುವುದಕ್ಕೆ ನೀನು ಯಾರು ಎಂದು ಕೇಳಬಹುದು. ನಾನು ಪದವಿಪೂರ್ವ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಸರ್ಕಾರಿ ನೌಕರಿಯೆಂದರೆ ವರ್ಗಾವಣೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಹೀಗೆ ಊರೂರಿಗೆ ಪಾತ್ರೆ ಪಡಗ ಕಟ್ಟಿಕೊಂಡು ಓಡಾಡಿದೆ. ಮೊದಲ ಮೂರು ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಎಲ್ಲವೂ ಒಂದೇ ಸೂರಿನಡಿಗೆ ಬಂದವು. ಆಗ ಹೊನ್ನಾಳಿಗೆ ಸೇರಿದ್ದ ನ್ಯಾಮತಿಯೇ ಈಗ ಒಂದು ತಾಲ್ಲೂಕು. ಹೋದಲ್ಲೆಲ್ಲ ನನ್ನ ಚೀಲದಲ್ಲಿ ಒಂದು ಟೇಪ್ ರೆಕಾರ್ಡರ್ ಇರುತ್ತಿತ್ತು. ಚನ್ನಗಿರಿಯ ಕಡೆ ಅಡಿಕೆ ಸುಲಿಯುವ ರಾತ್ರಿಗಳು, ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಗದ್ದೆಗಳಲ್ಲಿ ನಾಟಿಯ ದಿನಗಳು, ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪವಿರುವ ನ್ಯಾಮತಿ ಸೀಮೆಯ ತಾಂಡಾಗಳಲ್ಲಿ ಮದುಮಗಳು ಅಳುತ್ತಾ ಹಾಡುವ ಢಾವಲೋ, ಜಗಳೂರಿನ ಬರದ ನೆಲದಲ್ಲಿ ಗೊಲ್ಲರಹಟ್ಟಿಯ ಜುಂಜಪ್ಪನ ಪದ. ಭಾನುವಾರಗಳೆಲ್ಲ ಅದರಲ್ಲೇ ಹೋದವು.

ನನ್ನದೊಂದು ನಿಯಮವಿತ್ತು. ಹಾಡು ಮುಗಿದ ಮೇಲೆ ಯಂತ್ರ ನಿಲ್ಲಿಸುವ ಮುಂಚೆ, ನಿಮ್ಮ ಹೆಸರನ್ನು ನೀವೇ ಹೇಳಿ ಎನ್ನುತ್ತಿದ್ದೆ. ಹೊನ್ನಾಳಿ ಸೀಮೆಯ ಒಬ್ಬರು, "ನಿಮಗೆ ಪದ ಬೇಕೋ ಹೆಸರು ಬೇಕೋ?" ಎಂದು ನಕ್ಕರು. ಎರಡೂ ಬೇಕು ಎಂದೆ. ಸೆರಗು ಸರಿಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದ್ದು ಆ ಊರಿನಲ್ಲಿ ಯಾರೂ ಕರೆಯುವ ಹೆಸರಲ್ಲ. ಮದುವೆಯಲ್ಲಿ ಬದಲಾಯಿಸುವುದಕ್ಕೆ ಮುಂಚೆ ಇದ್ದ ತವರಿನ ಹೆಸರು. "ಇದ್ರಾಗೆ ನನ್ನ ಯಾರಾದ್ರೂ ಕರ್ದು ನಲವತ್ತು ವರ್ಷಾತು ನೋಡ್ರಿ" ಎಂದರು. ಆ ಮಾತೂ ಟೇಪಿನಲ್ಲಿದೆ.

ನಿವೃತ್ತಿಯ ನಂತರ, 2018ರಲ್ಲಿ, ಹೊರದೇಶದ ಒಂದು ವಿಶ್ವವಿದ್ಯಾಲಯದ ಸಂಗೀತ ವಿಭಾಗದವರು ಮೂರು ತಿಂಗಳ ಮಟ್ಟಿಗೆ ನನ್ನನ್ನು ಕರೆಸಿಕೊಂಡರು. ಟೇಪುಗಳನ್ನು ತನ್ನಿ, ಒಂದು 'ಸೌಂಡ್ ಇನ್‌ಸ್ಟಲೇಶನ್' ಮಾಡೋಣ ಎಂದರು. ಹಾಗೆಂದರೇನು ಎಂದು ನೀವು ಕೇಳುವುದು ಸಹಜ, ನಾನೂ ಕೇಳಿದೆ. ಚಿತ್ರಪ್ರದರ್ಶನದಲ್ಲಿ ಗೋಡೆಯ ಮೇಲೆ ಚಿತ್ರವಿರುತ್ತದಲ್ಲ, ಹಾಗೆ ಒಂದು ಜಾಗದಲ್ಲಿ ದನಿಯನ್ನು ಇಡುವುದು. ಕಛೇರಿಯ ಹಾಗೆ ಹೊತ್ತಿಗೆ ಸರಿಯಾಗಿ ಶುರುವಾಗಿ ಮುಗಿಯುವುದಲ್ಲ. ಹೋದವರು ಅದರ ನಡುವೆ ಓಡಾಡಬೇಕು, ಬೇಕಾದಷ್ಟು ಹೊತ್ತು ನಿಲ್ಲಬೇಕು. ಅಮೆರಿಕದ ಮ್ಯಾಕ್ಸ್ ನ್ಯೂಹಾಸ್ ಎಂಬಾತ 1967ರಲ್ಲಿ ಬಫಲೋ ಊರಿನ ಒಂದು ರಸ್ತೆಯುದ್ದಕ್ಕೂ ಪುಟ್ಟ ಪುಟ್ಟ ರೇಡಿಯೊ ಪ್ರಸಾರಕಗಳನ್ನಿಟ್ಟ. ಕಾರಿನಲ್ಲಿ ಹೋಗುವವರಿಗೆ ತಮ್ಮ ರೇಡಿಯೊದಲ್ಲಿ ಅವು ಒಂದೊಂದಾಗಿ ಕೇಳುತ್ತಿದ್ದವು. ಈ ಕಲೆಗೆ ಆ ಹೆಸರು ಕೊಟ್ಟವನೂ ಅವನೇ. ಕೆನಡಾದ ಜಾನೆಟ್ ಕಾರ್ಡಿಫ್ ಎಂಬಾಕೆ 2001ರಲ್ಲಿ ಮಾಡಿದ ಕೆಲಸ ನನಗೆ ಇನ್ನೂ ಹತ್ತಿರದ್ದು. ಹದಿನಾರನೆಯ ಶತಮಾನದ ಥಾಮಸ್ ಟ್ಯಾಲಿಸ್ 40 ದನಿಗಳಿಗಾಗಿ ರಚಿಸಿದ ಒಂದು ಪ್ರಾರ್ಥನಾಗೀತೆಯಿದೆ. ಈಕೆ ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆಯಾಗಿ ಮುದ್ರಿಸಿಕೊಂಡು, 40 ಧ್ವನಿವರ್ಧಕಗಳನ್ನು ಸುತ್ತ ನಿಲ್ಲಿಸಿ, ಒಂದೊಂದರಲ್ಲಿ ಒಂದೊಂದೇ ದನಿ ಬರುವಂತೆ ಮಾಡಿದಳು. ನಡುವೆ ನಿಂತರೆ ಇಡೀ ಮೇಳ, ಒಂದರ ಬಳಿ ಹೋದರೆ ಒಬ್ಬ ಮನುಷ್ಯ. ಹಾಡಿನ ಬಿಡುವಿನಲ್ಲಿ ಅವರು ಕೆಮ್ಮಿದ್ದು, ಹರಟಿದ್ದು ಕೂಡ ಕೇಳುತ್ತದೆ.

ಇದನ್ನು ಅರ್ಥ ಮಾಡಿಕೊಂಡ ಕ್ಷಣವೇ ನನಗನ್ನಿಸಿತು: 'ಮತ್ತು ಸಂಗಡಿಗರು' ಎಂಬ ಗೋಣಿಚೀಲವನ್ನು ಬಿಚ್ಚುವ ಉಪಾಯ ಇದೇ!

ಆ ವಿಭಾಗದವರು ಒಂದು ಕೋಣೆ ಕೊಟ್ಟರು, 14 ಧ್ವನಿವರ್ಧಕ ಕೊಟ್ಟರು. ಅಲ್ಲಿನ ತಂತ್ರಜ್ಞ ನನ್ನ ಹಳೆಯ ಕ್ಯಾಸೆಟ್ಟುಗಳನ್ನು ಜೋಪಾನವಾಗಿ ಕಂಪ್ಯೂಟರಿಗೆ ಇಳಿಸಿಕೊಟ್ಟ. ನಾಲ್ಕೂ ಸೀಮೆಯ 14 ಜನ ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಧ್ವನಿವರ್ಧಕ. ಅವನ್ನು ಗೋಡೆಗೆ ಹಾಕುವುದು ಬೇಡವೆಂದೆ. ನೆಲದ ಮೇಲೆ ಕೂತ ಹೆಂಗಸಿನ ಬಾಯಿ ಎಷ್ಟು ಎತ್ತರಕ್ಕಿರುತ್ತದೋ ಅಷ್ಟೇ ಎತ್ತರಕ್ಕೆ ಇಡಿಸಿದೆ. ಬಾಗಿಲಲ್ಲಿ ನಿಂತರೆ ಎಲ್ಲವೂ ಸೇರಿ ಸಂತೆಯ ಗುಲ್ಲು. ಒಬ್ಬರ ಹಾಡು ಬಿಡಿಸಿ ಕೇಳಬೇಕಾದರೆ ಚಾಪೆಯ ಮೇಲೆ ಕೂರಲೇಬೇಕು. ಹಾಡಿನ ಕೊನೆಗೆ ಹಾಡಿದವರೇ ತಮ್ಮ ಹೆಸರು, ತವರು, ಊರು ಹೇಳುತ್ತಿದ್ದರು. ನಡುವೆ ಕೋಳಿಯ ಕೂಗು, "ಸಾಕೇನವ್ವ?" ಎಂಬ ಪ್ರಶ್ನೆ, ಮಗು ಅತ್ತದ್ದು ಎಲ್ಲ ಹಾಗೇ ಇತ್ತು.

ಪ್ರದರ್ಶನಕ್ಕೆ ನಾಲ್ಕು ದಿನ ಮುಂಚೆ ಅಲ್ಲಿಯ ಸಮಿತಿಯಿಂದ ಎರಡು ಸೂಚನೆಗಳು ಬಂದವು. ಹಾಡಿನ ಕೊನೆಯಲ್ಲಿ ಬರುವ ಹೆಸರುಗಳು ಕೇಳುವ ಓಟಕ್ಕೆ ತೊಡಕಾಗುತ್ತವೆ, ಕತ್ತರಿಸೋಣ, ಇದು ಮೊದಲನೆಯದು. ಎರಡನೆಯದು, ಬಾಗಿಲಲ್ಲಿ ಹಾಕುವ ಫಲಕದ ಒಕ್ಕಣೆ: ನನ್ನ ಹೆಸರು ದಪ್ಪಕ್ಷರದಲ್ಲಿ, ಕೆಳಗೆ 'ದನಿಗಳು: ಅನಾಮಿಕ ಗ್ರಾಮೀಣ ಮಹಿಳೆಯರು, ದಕ್ಷಿಣ ಭಾರತ'. ಅನಾಮಿಕ! 13 ಹೆಸರು ಅವರ ಕಂಪ್ಯೂಟರಿನಲ್ಲೇ ಕೂತಿದೆ, ಕಿವಿಯಾರೆ ಕೇಳಿದ್ದಾರೆ, ಆಮೇಲೂ ಅನಾಮಿಕ. ಏನೂ ಮಾಡದೆ ಯಂತ್ರದ ಗುಂಡಿ ಒತ್ತಿದ ನನಗೆ ಹೆಸರುಂಟು, ಎದೆ ತುಂಬಿ ಹಾಡಿದವರಿಗೆ ಇಲ್ಲ. ಬಿತ್ತಿದವರು ಒಬ್ಬರು, ಬೆಳೆ ಕೊಯ್ದವರು ಇನ್ನೊಬ್ಬರು!

ಸಭೆಯಲ್ಲಿ ನಾನು ದೊಡ್ಡ ತತ್ತ್ವವನ್ನೇನೂ ಹೇಳಲಿಲ್ಲ, ಗೌಹರ್ ಜಾನ್ ಕಥೆ ಹೇಳಿದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎದುರು ಆಕೆ ಹಾಡಿದಳು. ಒಂದು ತಟ್ಟೆಗೆ ಮೂರು ನಿಮಿಷದಷ್ಟು ಮಾತ್ರ ಜಾಗ. ಅದರಲ್ಲೂ ಕೊನೆಯ ಕೆಲವು ಗಳಿಗೆಯನ್ನು ಉಳಿಸಿಕೊಂಡು, ಹಾಡು ಮುಗಿದೊಡನೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಕಾರಣ ಬಹಳ ಸರಳ. ಮುದ್ರಿಕೆ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಯಾಗಬೇಕು, ನಮ್ಮ ಭಾಷೆ ಬಾರದ ಕಾರ್ಖಾನೆಯವರು ಅದಕ್ಕೆ ಸರಿಯಾದ ಚೀಟಿ ಅಂಟಿಸಬೇಕು. ಆಕೆ ಕಡೆಗಾಲಕ್ಕೆ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಆ ಮುದ್ರಿಕೆಗಳನ್ನು ಇವತ್ತು ಕೇಳಿದರೂ ಕೊನೆಗೆ ಆ ಹೆಸರು ಕೇಳಿಸುತ್ತದೆ. "ಮೂರು ನಿಮಿಷದ ಮೇಣದ ತಟ್ಟೆಯಲ್ಲಿ ಹೆಸರಿಗೆ ಜಾಗವಿತ್ತು, ನಿಮ್ಮ ಇಷ್ಟು ದೊಡ್ಡ ಯಂತ್ರದಲ್ಲಿ ಇಲ್ಲವೇ?" ಎಂದು ಕೇಳಿದೆ. ಹೆಸರಿಲ್ಲದಿದ್ದರೆ ಟೇಪುಗಳನ್ನು ಕಟ್ಟಿಕೊಂಡು ಊರಿಗೆ ಹೊರಡುತ್ತೇನೆ ಎಂದೂ ಹೇಳಿದೆ. ಹೆಸರುಗಳು ಉಳಿದವು. ಫಲಕವೂ ಬದಲಾಯಿತು. ಬಂದವರು ಆ ಹೆಸರುಗಳನ್ನು ಉಚ್ಚರಿಸಲು ಹೆಣಗಾಡುತ್ತಿದ್ದರು. ತಪ್ಪಾಗಿ ಉಚ್ಚರಿಸಿದರೂ ಒಬ್ಬ ಹೆಂಗಸನ್ನೇ ಉಚ್ಚರಿಸಿದ ಹಾಗಾಯಿತಲ್ಲ, ನನಗೆ ಅಷ್ಟು ಸಾಕಿತ್ತು.

ಇಷ್ಟಕ್ಕೆ 'ಪರದೇಶದವರ ಬುದ್ಧಿಯೇ ಹೀಗೆ' ಎಂದು ಲೊಚಗುಟ್ಟಿ ಪುಟ ತಿರುವಬೇಡಿ. ಅವರು ಅನಾಮಿಕ ಎಂದು ಬರೆಯಲು ಕಲಿತದ್ದು ನಮ್ಮ ಪುಸ್ತಕಗಳನ್ನು ಓದಿಯೇ. 1931ರ 'ಗರತಿಯ ಹಾಡು' ಸಂಗ್ರಹ ಕನ್ನಡಕ್ಕೆ ದೊಡ್ಡ ಕೊಡುಗೆ, ಅದನ್ನು ಕಟ್ಟಿಕೊಟ್ಟ ಹಲಸಂಗಿ ಗೆಳೆಯರಿಗೆ ನಾನು ಕೈ ಮುಗಿಯುತ್ತೇನೆ. ಆ ಗೆಳೆಯರ ಹೆಸರು ಬರೆಯಿರಿ ಎಂದು ನನ್ನನ್ನು ಪರೀಕ್ಷೆಯಲ್ಲಿ ಕೇಳಿದ್ದಾರೆ, ನಾನೂ ನನ್ನ ವಿದ್ಯಾರ್ಥಿನಿಯರನ್ನು ಕೇಳಿದ್ದೇನೆ. ಹಾಡಿದ ಒಬ್ಬ ಗರತಿಯ ಹೆಸರು ಬರೆಯಿರಿ ಎಂಬ ಪ್ರಶ್ನೆ ಯಾವ ವರ್ಷದ ಪತ್ರಿಕೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಮನೆಯೊಳಗೆ ನೋಡಿ. 'ಪುಟ್ಟನ ತಾಯಿ', 'ಕೆಳಗಿನ ಮನೆ ಸೊಸೆ', 'ಮೇಷ್ಟ್ರ ಹೆಂಡತಿ'. ಲಗ್ನಪತ್ರಿಕೆಯಲ್ಲಿ 'ಶ್ರೀಮತಿ ಮತ್ತು ಶ್ರೀ' ಎಂದು ಎರಡು ಗೌರವವಾಚಕಗಳಿಗೆ ಒಂದೇ ಹೆಸರು, ಅದು ಗಂಡನದು. ಈ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು 1951-52ರಲ್ಲಿ. ಆಗ ಸುಮಾರು 28 ಲಕ್ಷ ಹೆಂಗಸರು ಮತದಾರರ ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಹೆಸರು ಕೇಳಿದರೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಹಾಗೆ ಬರೆದುಕೊಳ್ಳಲಾಗದು, ವೋಟು ಹೆಸರಿನವರಿಗೆ ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಆ ಹಟ ಒಳ್ಳೆಯದೇ ಆಯಿತು. ಈಗ 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಣ್ಣೇ ಯಜಮಾನಿ. ಅಕ್ಕಿಗೆ ಹೆಸರು ಬೇಕು, ವೋಟಿಗೆ ಹೆಸರು ಬೇಕು, ಬ್ಯಾಂಕಿನ ಖಾತೆಗೆ ಹೆಸರು ಬೇಕು. ಹಾಡಿಗೆ ಮಾತ್ರ ಬೇಡವೇ?

ವಿದ್ವಾಂಸರು ಇಲ್ಲೊಂದು ಮಾತು ಎತ್ತುತ್ತಾರೆ. 'ಜನಪದಕ್ಕೆ ಕರ್ತೃವಿಲ್ಲ. ಅದು ಸಮುದಾಯದ ಸೊತ್ತು. ಅದಕ್ಕೆ ಒಬ್ಬೊಬ್ಬರ ಹೆಸರು ಅಂಟಿಸುವುದು ಪಟ್ಟಣದವರ ಅಹಂಕಾರ.' ಕೇಳಲು ಬಹಳ ಉದಾತ್ತವಾಗಿದೆ. ಹಾಡಿದ ಹೆಂಗಸರೂ ಹಾಗೇ ಅನ್ನುತ್ತಾರೆ: "ನಂದೇನೈತವ್ವ ಇದ್ರಾಗೆ, ನಮ್ಮವ್ವ ಹಾಡ್ತಿದ್ಲು, ನಾ ಹಾಡಿದೆ." ಒಪ್ಪೋಣ. ಹಾಡು ಕಟ್ಟಿದವರು ಯಾರೋ ಗೊತ್ತಿಲ್ಲ. ಆದರೆ ಇವತ್ತು ನನ್ನ ಎದುರು ಕೂತು ಹಾಡಿದಾಕೆ ಯಾರೆಂದು ಗೊತ್ತಿದೆಯಲ್ಲ! ತ್ಯಾಗರಾಜರ ಕೃತಿ ಹಾಡಿದ ವಿದುಷಿಯ ಹೆಸರನ್ನು, ಕೃತಿ ಆಕೆಯದಲ್ಲವೆಂದು ಬಿಟ್ಟುಬಿಡುತ್ತೇವೆಯೇ? ಸಮುದಾಯದ ಸೊತ್ತು ಎಂಬ ಮಾತು ಹೆಂಗಸರ ಹಾಡಿಗೆ ಬಂದಾಗಲೇ ನಮಗೆ ಅಷ್ಟು ಬೇಗ ಏಕೆ ನೆನಪಾಗುತ್ತದೆ?

ಕಾನೂನು ಕೂಡ ಇಲ್ಲಿ ವಿದ್ವಾಂಸರ ಕಡೆಗಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಹಾಡುವವರಿಗೆ, ಕುಣಿಯುವವರಿಗೆ, ನುಡಿಸುವವರಿಗೆ ಅವರದೇ ಆದ ಹಕ್ಕನ್ನು 1994ರ ತಿದ್ದುಪಡಿ ವಿಸ್ತಾರವಾಗಿ ಕೊಟ್ಟಿತು. ಪ್ರದರ್ಶಕರೆಂದರೆ ಯಾರು ಎಂಬ ವಿವರಣೆಯಲ್ಲಿ ದೊಂಬರಾಟದವರೂ ಇದ್ದಾರೆ, ಹಾವಾಡಿಗನೂ ಇದ್ದಾನೆ. 2012ರ ತಿದ್ದುಪಡಿ 38ಬಿ ಎಂಬ ಕಲಮು ಸೇರಿಸಿತು. ಪ್ರದರ್ಶನ ಮಾಡಿದವರು 'ಇದನ್ನು ಮಾಡಿದ್ದು ನಾನು' ಎಂದು ಗುರುತಿಸಿಕೊಳ್ಳುವ ಹಕ್ಕು ಅದು. ಮುದ್ರಿಕೆಯ ಬೇರೆ ಹಕ್ಕುಗಳನ್ನು ಬರೆದುಕೊಟ್ಟ ಮೇಲೂ ಇದು ಅವರ ಬಳಿಯೇ ಉಳಿಯುತ್ತದೆ. ಬಳಸುವ ರೀತಿಯಿಂದಲೇ ಹೆಸರು ಹೇಳಲಾಗದಂಥ ಸಂದರ್ಭಕ್ಕೆ ಮಾತ್ರ ವಿನಾಯಿತಿ. 1996ರಲ್ಲಿ ಜಿನೀವಾದಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ ಇನ್ನೂ ಮುಂದೆ ಹೋಗಿ, ಜನಪದವನ್ನು ಹಾಡುವವರೂ ಪ್ರದರ್ಶಕರೇ ಎಂದು ಬಿಡಿಸಿ ಹೇಳಿದೆ. ಅದಕ್ಕೆ ಭಾರತ 2018ರಲ್ಲಿ ಸೇರಿತು. ಅಂದರೆ ಹೆಸರು ಕೊಡುವುದು ನಾವು ಮಾಡುವ ಉಪಕಾರವಲ್ಲ, ಅವರಿಗೆ ಸಲ್ಲಬೇಕಾದ ಬಾಕಿ.

ಹೆಸರಿನಿಂದ ಇನ್ನೊಂದು ಲೋಕೋಪಯೋಗಿ ಕೆಲಸವೂ ಆಗುತ್ತದೆ. ಹೆಸರಿದ್ದರೆ ದನಿ ಮನೆಗೆ ಮರಳಬಲ್ಲದು. ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತವನ್ನೆಲ್ಲ ಸುತ್ತುತ್ತಾ ನಮ್ಮ ಕರ್ನಾಟಕದಲ್ಲೂ ಹಾಡು ಕುಣಿತಗಳನ್ನು ಮುದ್ರಿಸಿಕೊಂಡ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಿಕೆಗಳ ಪ್ರತಿ ಹಿಡಿದು, ಅದೇ ಊರುಗಳಿಗೆ ಹೋಗಿ, ಹಾಡಿದವರನ್ನೂ ಅವರ ಮಕ್ಕಳು ಮರಿಗಳನ್ನೂ ಹುಡುಕಿದರು. ಗುರುತು ಇದ್ದ ಕಡೆ ಬಾಗಿಲು ತೆರೆಯಿತು. 'ಅನಾಮಿಕ ಮಹಿಳೆಯರು, ದಕ್ಷಿಣ ಭಾರತ' ಎಂಬ ವಿಳಾಸಕ್ಕೆ ಯಾವ ಅಂಚೆಯವನು ಹೋದಾನು? ನಾನು ವಾಪಸ್ಸು ಬಂದ ಮೇಲೆ 14 ಮನೆಗಳಿಗೂ ಅವರವರ ದನಿಯನ್ನು ಮುಟ್ಟಿಸಿದೆ. ಆ ಹೊತ್ತಿಗೆ ಎಂಟು ಜನ ತೀರಿಕೊಂಡಿದ್ದರು. ಜಗಳೂರಿನ ಕಡೆಯ ಒಂದು ಹಟ್ಟಿಯಲ್ಲಿ, ಅಜ್ಜಿಯನ್ನು ಕಂಡೇ ಇರದ ಮೊಮ್ಮಗಳೊಬ್ಬಳು ಹಾಡಿಗೆ ಕಿವಿಗೊಟ್ಟಳು, ಹೆಸರು ಬಂದಾಗ "ಇದು ನನ್ನ ಹೆಸರೂ ಹೌದು" ಎಂದಳು. ಅಜ್ಜಿಯ ಹೆಸರನ್ನೇ ಅವಳಿಗೆ ಇಟ್ಟಿದ್ದರು.

ಇಷ್ಟೆಲ್ಲ ಹೇಳುವ ನೀವೇ ಇಲ್ಲಿ ಒಂದು ಹೆಸರನ್ನೂ ಬರೆದಿಲ್ಲವಲ್ಲ ಎನ್ನುತ್ತೀರಿ. ಬೇಕೆಂದೇ ಬರೆದಿಲ್ಲ. ಅವರು ಒಪ್ಪಿದ್ದು ದನಿಯ ಜೊತೆಗೆ, ಅವರದೇ ಬಾಯಲ್ಲಿ. ಮುದ್ರಿತ ಪುಸ್ತಕದಲ್ಲಿ, ಅವರ ದನಿಯಿಲ್ಲದ ಕಡೆ, ನನ್ನ ವಾದಕ್ಕೆ ಸಾಕ್ಷಿಯಾಗಿ ನಿಲ್ಲಲು ಒಪ್ಪಿದ್ದಲ್ಲ. ಕೇಳದೆ ಬಿಡುವುದು ಎಷ್ಟು ತಪ್ಪೋ ಕೇಳದೆ ಹಾಕುವುದೂ ಅಷ್ಟೇ ತಪ್ಪು. ಆ 14 ಜನರಲ್ಲಿ ಒಬ್ಬರು, ಚನ್ನಗಿರಿಯ ಕಡೆಯವರು, ಹಾಡು ಕೊಟ್ಟರು, ಹೆಸರು ಬೇಡವೆಂದರು. ಕಾರಣ ಹೇಳಲಿಲ್ಲ, ನಾನು ಕೆದಕಲೂ ಇಲ್ಲ. ಅವರ ಧ್ವನಿವರ್ಧಕದ ಬಳಿ 'ಇವರು ಹೆಸರು ಹೇಳಲು ಇಷ್ಟಪಡಲಿಲ್ಲ' ಎಂದು ಬರೆಸಿದ್ದೆ. ಹೆಸರು ಹೇಳಲು ಒಲ್ಲದವಳಿಗೂ ಹೆಸರು ಕೇಳಿಸಿಕೊಳ್ಳದವಳಿಗೂ ಎಷ್ಟು ಅಂತರವಿದೆ! ಒಬ್ಬಳು ಬಾಗಿಲು ಹಾಕಿಕೊಂಡವಳು, ಇನ್ನೊಬ್ಬಳ ಬಾಗಿಲನ್ನು ಯಾರೂ ತಟ್ಟಲೇ ಇಲ್ಲ.

ಚನ್ನಗಿರಿ ಎಂದೊಡನೆ ಸೂಳೆಕೆರೆಯ ಐತಿಹ್ಯ ನೆನಪಾಗುತ್ತದೆ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ವೇಶ್ಯೆಯರಿಗೆ ಸೇರಿತ್ತಂತೆ. ಕೆರೆಗೆ ನಮ್ಮ ಹೆಸರಿಡುವುದಾದರೆ ಜಾಗ ಬಿಟ್ಟುಕೊಡುತ್ತೇವೆ ಎಂದರಂತೆ. ಹಣ ಕೇಳಲಿಲ್ಲ, ಹೆಸರು ಕೇಳಿದರು. ಸಿಕ್ಕಿದ್ದು ಮಾತ್ರ ಕಸುಬಿನ ಹೆಸರು. ಈಗ ಅದನ್ನೂ ಬಾಯಲ್ಲಿ ಆಡಲು ನಾಚಿ ಶಾಂತಿಸಾಗರ ಎನ್ನುತ್ತೇವೆ. ನೆಲ ಕೊಟ್ಟವರ ಸ್ವಂತ ಹೆಸರೇನು? ಅವರೂ ಸಂಗಡಿಗರೇ ಆದರು.

ಪರಿಸ್ಥಿತಿ ಬದಲಾಗಿಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಜಗಳೂರಿನ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ, ಅಕ್ಷರ ಬಾರದ ಸಿರಿಯಜ್ಜಿ, ಸಾವಿರಾರು ಪದಗಳನ್ನು ಎದೆಯಲ್ಲಿಟ್ಟುಕೊಂಡು ನಾಡೋಜರಾದರು. ಅಂಕೋಲೆಯ ಹಾಲಕ್ಕಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ತೀರಿಕೊಂಡಾಗ, 2025ರ ಫೆಬ್ರವರಿಯಲ್ಲಿ, ನಾಡೆಲ್ಲ ಅವರ ಹೆಸರು ಹಿಡಿದು ಅತ್ತಿತು. ಸಂತೋಷ. ಆದರೆ ಇಬ್ಬರ ಕೊರಳಿಗೆ ಹಾರ ಹಾಕಿ ಇನ್ನೂರು ಜನರನ್ನು ಮರೆಯುವುದಕ್ಕೆ ಆ ಹಾರ ನೆಪವಾಗಬಾರದು.

ಗೆಳತಿಯರೇ, ಇದಕ್ಕೆ ಅಕಾಡೆಮಿಯೂ ಬೇಡ, ವಿದೇಶದ ವಿಶ್ವವಿದ್ಯಾಲಯವೂ ಬೇಡ. ನನ್ನ ಕಾಲದ ಟೇಪ್ ರೆಕಾರ್ಡರಿಗಿಂತ ಒಳ್ಳೆಯ ಯಂತ್ರ ನಿಮ್ಮೆಲ್ಲರ ಕೈಚೀಲದಲ್ಲಿದೆ. ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಅತ್ತೆಯನ್ನು, ಸೀಮಂತಕ್ಕೆ ಆರತಿ ಹಾಡು ಹೇಳುವ ಎದುರು ಮನೆಯಾಕೆಯನ್ನು ನೀವು ಮೊಬೈಲಿನಲ್ಲಿ ಹಿಡಿಯುತ್ತೀರಿ, ಊರಿಗೆಲ್ಲ ಕಳಿಸುತ್ತೀರಿ. ಕಳಿಸುವ ಮುಂಚೆ ಕೇಳಿ. ಗುಂಡಿ ಒತ್ತಿ ನಿಲ್ಲಿಸುವ ಮುಂಚೆ, ಅವರ ಹೆಸರು, ತವರು, ಊರು ಅವರ ಬಾಯಲ್ಲೇ ಬರಲಿ. ಬೇಡವೆಂದರೆ ಬಿಡಿ. ಮಹಿಳಾ ಸಮಾಜದ ಕಾರ್ಯಕ್ರಮದ ಪತ್ರಿಕೆ ಅಚ್ಚಿಗೆ ಹೋಗುವಾಗ ಎಂಟು ಜನ ಹಾಡುವುದಾದರೆ ಎಂಟು ಹೆಸರು ಹಾಕಿಸಿ. ಜಾಗ ಸಾಲದೆಂದು ಮುದ್ರಕ ಅಂದರೆ ವೇದಿಕೆಯ ಗಣ್ಯರ ಬಿರುದುಗಳಲ್ಲಿ ಒಂದೆರಡು ಕಡಿಮೆ ಮಾಡಿಸಿ. ಸ್ವಾಗತ ಭಾಷಣಕ್ಕೆ ಇಪ್ಪತ್ತು ನಿಮಿಷ ಕೊಡುತ್ತೇವೆ. ಎಂಟು ಹೆಂಗಸರ ಹೆಸರು ಓದಲು ಅರ್ಧ ನಿಮಿಷ ಸಾಕು, ನಾನು ಗಡಿಯಾರ ಹಿಡಿದು ಓದಿ ನೋಡಿದ್ದೇನೆ.

ನಿಮ್ಮ ಊರಿನ ನಿರೂಪಕರು ಅಭ್ಯಾಸಬಲದಿಂದ 'ಮತ್ತು ಸಂಗಡಿಗರು' ಎಂದೇ ಅಂದರೆ, ಕೂತಲ್ಲಿಂದಲೇ ಗಟ್ಟಿಯಾಗಿ ಕೇಳಿ: "ಯಾರ್ಯಾರು?"